ನಡುವಿನ ಮಹಡಿ

ಕ್ಯಾಸೆಟ್ಟಿನ ಮೇಲೆ ಒಂಬತ್ತುಗಳ ಸಾಲೇ ಇತ್ತು: 9999999 ಇನ್ 1. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ಆಟ! ದಿನಕ್ಕೆ ಹತ್ತು ಆಡಿದರೂ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ ಎಂದು ನಾನು ಹಿಗ್ಗಿದೆ. ಅಕ್ಕ ಹಿಗ್ಗಲಿಲ್ಲ. ರಫ್ ನೋಟ್‌ಬುಕ್ ಹಿಡಿದು ಟಿವಿ ಮುಂದೆ ಕೂತಳು, ಒಂದೊಂದನ್ನೇ ತೆರೆದು ನೋಡಿ ಹೆಸರು ಬರೆದುಕೊಂಡಳು. ಎರಡನೇ ದಿನ ಸಂಜೆ ಪೆನ್ನಿನ ಮುಚ್ಚಳ ಹಾಕಿ ತೀರ್ಪು ಕೊಟ್ಟಳು: "ಇಪ್ಪತ್ತಾರೇ ಕಣೋ ಇರೋದು. ಮಿಕ್ಕಿದ್ದೆಲ್ಲ ಅವೇ ತಿರುಗಾ ಬರ್ತವೆ."

1995ರ ಬೇಸಿಗೆ ರಜೆ, ಊರು ಹಾಸನ. ಬೆಂಗಳೂರಿನ ಸೋದರಮಾವ ಮೆಜೆಸ್ಟಿಕ್ ಕಡೆಯ ಯಾವುದೋ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದು ಒಂದು ಬಿಳಿ ಡಬ್ಬಿ, ಎರಡು ರಿಮೋಟು (ಈಗಿನವರು ಕಂಟ್ರೋಲರ್ ಅನ್ನುತ್ತಾರೆ, ನಮಗೆ ಅದು ರಿಮೋಟೇ), ಈ ಹಳದಿ ಕ್ಯಾಸೆಟ್ಟು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಎನ್ನುವ ಯಂತ್ರದ ನಕಲು ಅದು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನಿಂಟೆಂಡೊ ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ. ಆಟ ಬರದಿದ್ದರೆ ಕ್ಯಾಸೆಟ್ಟು ಕಿತ್ತು, ಕೆಳಗಿನ ಸೀಳಿಗೆ ಉಫ್ ಎಂದು ಊದಿ ಮತ್ತೆ ಹಾಕುವುದು. ಬಂದರೆ, ಊದಿದ್ದಕ್ಕೆ ಬಂತು. ಬರದಿದ್ದರೆ, ಸರಿಯಾಗಿ ಊದಲಿಲ್ಲ. ಅಡಾಪ್ಟರ್ ಗಂಟೆಯೊಳಗೆ ಇಡ್ಲಿ ಪಾತ್ರೆಯಂತೆ ಕಾಯುತ್ತಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ತಣ್ಣಗೆ ಮಾಡಲು ಹೋಗಿ ನಾನು ಅಮ್ಮನ ಕೈಲಿ ಏಟು ತಿಂದೆ.

ಇಪ್ಪತ್ತಾರರಲ್ಲಿ ಮಾರಿಯೋ ಇತ್ತು, ಟ್ಯಾಂಕ್ ಆಟ ಇತ್ತು, ಬಾತುಕೋಳಿ ಹೊಡೆಯುವುದಿತ್ತು. ಬೀದಿಯ ಹುಡುಗರೆಲ್ಲ ಬಂದು ಬೀಳುತ್ತಿದ್ದದ್ದು ಅವಕ್ಕೇ. ಅಕ್ಕ ಪಟ್ಟು ಹಿಡಿದದ್ದು ಮಾತ್ರ ಡಾಂಕಿ ಕಾಂಗ್. ಡಾಂಕಿ ಅಂದರೆ ಕತ್ತೆ ಎಂದು ಅಷ್ಟರಲ್ಲಾಗಲೇ ಇಂಗ್ಲಿಷ್ ಮೇಷ್ಟ್ರು ನನ್ನನ್ನೇ ಉದಾಹರಣೆಯಾಗಿಟ್ಟು ಕಲಿಸಿದ್ದರು. ಕತ್ತೆ ಯಾವ ಸ್ಟೇಜಿನಲ್ಲಿ ಬರುತ್ತದೆ ಎಂದು ವಾರವಿಡೀ ಕಾದೆ. ಬಂದದ್ದು ಗೊರಿಲ್ಲಾ ಒಂದೇ.

ಕಟ್ಟುತ್ತಿರುವ ಒಂದು ಕಟ್ಟಡ. ತುದಿಯಲ್ಲಿ ಗೊರಿಲ್ಲಾ, ಅದರ ಪಕ್ಕ ಅದು ಹೊತ್ತೊಯ್ದ ಹೆಂಗಸು. ಕೆಳಗೆ ಗಿಡ್ಡ ಮೀಸೆಯವನೊಬ್ಬ. ಗೊರಿಲ್ಲಾ ಪೀಪಾಯಿ ಉರುಳಿಸುತ್ತದೆ, ಇವನು ಹಾರಿ ಹಾರಿ, ಏಣಿ ಹತ್ತಿ ಹತ್ತಿ ಮೇಲೆ ಹೋಗಬೇಕು. ಇಷ್ಟೇ ಆಟ. ಒಂದು ಪೀಪಾಯಿ ಹಾರಿದರೆ 100 ಅಂಕ. ಮೇಲಿನ ಮೂಲೆಯಲ್ಲಿ 5000ದಿಂದ ಇಳಿಯುತ್ತ ಹೋಗುವ ಬೋನಸ್ಸು. ಅದು ಸೊನ್ನೆಯಾದರೂ ಔಟ್. ಮುಂದೆ ಬಂದ ಮಾರಿಯೋ ಆಟದಲ್ಲಿ ಪರದೆ ಪಕ್ಕಕ್ಕೆ ಸರಿಯುತ್ತ ಹೊಸ ಜಾಗ ತೋರಿಸುತ್ತದಲ್ಲ, ಆ ಸಡಗರ ಇದರಲ್ಲಿಲ್ಲ. ಇರುವುದೆಲ್ಲ ಮೊದಲಿಗೇ ಕಣ್ಣೆದುರಿಗಿದೆ, ಚೌಕಾಬಾರದ ಮನೆಗಳ ಹಾಗೆ. ಗೆಲ್ಲುವ ದಾರಿಯೂ ಅಲ್ಲೇ ಇದೆ, ಸಾಯುವ ದಾರಿಯೂ ಅಲ್ಲೇ ಇದೆ. ಅದಕ್ಕೇ ಇವತ್ತಿಗೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ವೋಟು ಡಾಂಕಿ ಕಾಂಗಿಗೆ. ಇದನ್ನು ಕೇಳಿ ನಕ್ಕವರೇ ಹೆಚ್ಚು.

ಆ ಮೀಸೆಯವನ ನೆಗೆತಕ್ಕೊಂದು ಗುಣವಿದೆ: ಒಮ್ಮೆ ನೆಲ ಬಿಟ್ಟ ಮೇಲೆ ದಾರಿ ಬದಲಿಸುವ ಹಾಗಿಲ್ಲ. ಗಾಳಿಯಲ್ಲಿರುವಾಗ ಏನು ಒತ್ತಿದರೂ ಅವನು ಕೇಳುವುದಿಲ್ಲ. ತನ್ನ ಎತ್ತರಕ್ಕಿಂತ ತುಸು ಹೆಚ್ಚಿನ ಆಳಕ್ಕೆ ಬಿದ್ದರೂ ಸಾಯುತ್ತಾನೆ. ನಾನು ನೆಗೆದ ಮೇಲೆ ರಿಮೋಟನ್ನು ಬಲಕ್ಕೆ ವಾಲಿಸಿ, ಮೈಯನ್ನೂ ವಾಲಿಸಿ, ಕೊನೆಗೆ ಚಾಪೆ ಮೇಲೆ ಉರುಳಿಬಿಡುತ್ತಿದ್ದೆ. ಅಕ್ಕ ಅಲ್ಲಾಡುತ್ತಿರಲಿಲ್ಲ. ಕಾಲು ಮಡಿಸಿ ಕೂತು, ಹೆಬ್ಬೆರಳು ಮಾತ್ರ ಆಡಿಸುತ್ತ, "ಹಾರೋಕೆ ಮುಂಚೆ ಲೆಕ್ಕ ಹಾಕ್ಕೋ, ಹಾರಿದ್ಮೇಲೆ ಒದ್ದಾಡ್ಬೇಡ" ಎನ್ನುತ್ತಿದ್ದಳು. ಅವಳ ಎರಡನೇ ಕಟ್ಟಳೆ ಸುತ್ತಿಗೆಯದು. ದಾರಿಯಲ್ಲಿ ನೇತಾಡುವ ಸುತ್ತಿಗೆ ಸಿಕ್ಕರೆ ಪೀಪಾಯಿಗಳನ್ನು ಚಚ್ಚಿ ಪುಡಿ ಮಾಡಬಹುದು, ಅಂಕವೂ ಬರುತ್ತದೆ. ಆದರೆ ಸುತ್ತಿಗೆ ಕೈಲಿರುವಷ್ಟು ಹೊತ್ತು ಹಾರುವಂತಿಲ್ಲ, ಏಣಿ ಹತ್ತುವಂತಿಲ್ಲ, ಕೆಳಗಿಡುವಂತೆಯೂ ಇಲ್ಲ. ನಾನು ಕಂಡ ಸುತ್ತಿಗೆಯನ್ನೆಲ್ಲ ಹಿಡಿದೆ. ಅಕ್ಕ ಒಂದನ್ನೂ ಮುಟ್ಟಲಿಲ್ಲ. ಅವಳು ಜೀವ ಪಣಕ್ಕಿಡುತ್ತಿದ್ದದ್ದು ಬೇರೆಯದಕ್ಕೆ: ಆ ಹೆಂಗಸಿನ ಛತ್ರಿ, ಕೈಚೀಲ ಅಲ್ಲಲ್ಲಿ ಬಿದ್ದಿರುತ್ತಿದ್ದವು. ಎಷ್ಟೇ ದೂರವಿದ್ದರೂ, ಬೆಂಕಿ ಬೆನ್ನು ಹತ್ತಿದ್ದರೂ ಹೋಗಿ ಎತ್ತಿಕೊಳ್ಳುತ್ತಿದ್ದಳು. "ಅಂಕ ಜಾಸ್ತೀನಾ?" ಎಂದು ಕೇಳಿದೆ. "ಅವಳದ್ದಲ್ವೇನೋ ಪಾಪ" ಎಂದಳು.

ಮೊದಲ ಸ್ಟೇಜು ಪೀಪಾಯಿಗಳದು, ಎರಡನೆಯದು ಮೇಲೆ ಕೆಳಗೆ ಓಡಾಡುವ ಲಿಫ್ಟುಗಳದು, ಮೂರನೆಯದರಲ್ಲಿ ತೊಲೆಗಳ ಎಂಟು ರಿವೆಟ್ಟುಗಳನ್ನು ಒಂದೊಂದಾಗಿ ತುಳಿದು ಕೀಳಬೇಕು. ಎಂಟೂ ಹೋದರೆ ನಡುವಿನ ಮಹಡಿಗಳು ಕುಸಿದು ಗೊರಿಲ್ಲಾ ತಲೆಕೆಳಗಾಗಿ ಬೀಳುತ್ತದೆ. ಆಮೇಲೆ ತಿರುಗಿ ಪೀಪಾಯಿ, ಇನ್ನಷ್ಟು ಜೋರಾಗಿ. ಮೂರೇ ಸ್ಟೇಜು. ಹಾಸನದಲ್ಲಿ ಇದನ್ನು ಆಡಿದ ಯಾರನ್ನು ಕೇಳಿದ್ದರೂ ಮೂರು ಎಂದೇ ಹೇಳುತ್ತಿದ್ದರು.

ಅಪ್ಪ ಗಾರೆ ಮೇಸ್ತ್ರಿ. ಸಂಜೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕೂತರೆ ಎದುರಿಗೆ ನಮ್ಮ ಈ ಕಟ್ಟಡ. ದಿನವಿಡೀ ಸಾರುವೆ ಮೇಲೆ ನಿಂತು ಬಂದವರಿಗೆ ಮನೆಯಲ್ಲೂ ಅದೇ ನೋಟ. ಮೊದಲ ಸ್ಟೇಜು ಕಂಡರೆ ಅವರಿಗಾಗುತ್ತಿರಲಿಲ್ಲ. ಅಲ್ಲಿ ತೊಲೆಗಳೆಲ್ಲ ಓರೆ. ಒಂದು ಎಡಕ್ಕೆ ಇಳಿಜಾರು, ಅದರ ಮೇಲಿನದು ಬಲಕ್ಕೆ. "ಯಾವ ಬಡ್ಡೀಮಗ ಮೇಸ್ತ್ರಿ ಇದನ್ನ ಕೂರಿಸಿದ್ದು? ರಸಮಟ್ಟ ಅನ್ನೋದನ್ನೇ ಕಂಡಿಲ್ಲ ಇವ್ನು" ಎಂದು ದಿನಾ ಬೈಯುತ್ತಿದ್ದರು. ರಿವೆಟ್ಟಿನ ಸ್ಟೇಜಿಗೆ ಮಾತ್ರ ಅವರ ಒಪ್ಪಿಗೆ. ರಿವೆಟ್ ತೆಗೆದರೆ ತೊಲೆ ಬೀಳಲೇಬೇಕು, ಅದು ನ್ಯಾಯ.

1997ರಲ್ಲಿ ಅಕ್ಕ ಪಿಯುಸಿ ಸೇರಿದಳು, ಡಬ್ಬಿ ಅಟ್ಟ ಸೇರಿತು. ಅವಳ ಕೊನೆಯ ಸ್ಕೋರನ್ನು ಅದೇ ರಫ್ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿದ್ದಳು. ರಟ್ಟು ಉಳಿದಿಲ್ಲ.

2016ರಲ್ಲಿ ಕೆಲಸದ ಮೇಲೆ ನಾನು ಸಿಯಾಟಲ್ ಕಡೆಗೆ ಬಂದು ಬಿದ್ದೆ. ಮನೆ ಮಾಡಿದ್ದು ರೆಡ್ಮಂಡಿನಲ್ಲಿ. ಶನಿವಾರ ತರಕಾರಿ ಅಂಗಡಿಗೆ ಹೋದರೆ ಕೊತ್ತಂಬರಿ ಸೊಪ್ಪಿನ ಆ ಕಡೆಯಿಂದ ಕನ್ನಡ ಕೇಳಿಸುವ ಊರದು. ನಿಂಟೆಂಡೊದ ಅಮೆರಿಕದ ಕಚೇರಿ ಇರುವುದೂ ಅಲ್ಲೇ. ಒಂದು ಶನಿವಾರ ಹೆಂಡತಿಯ ಜೊತೆ ಸಿಯಾಟಲಿಗೆ ಹೋದಾಗ, ಹಳೇ ಆಟದ ಯಂತ್ರಗಳನ್ನಿಟ್ಟ ಒಂದು ಅಂಗಡಿ ಕಣ್ಣಿಗೆ ಬಿತ್ತು. ಒಳಗೆ ಗೋಡೆಗೆ ಒರಗಿ ನಿಂತಿತ್ತು ಆಳೆತ್ತರದ ಡಾಂಕಿ ಕಾಂಗ್. ರಿಮೋಟಿಲ್ಲ, ಒಂದು ಕಡ್ಡಿ, ಒಂದು ಗುಂಡಿ. ಪರದೆ ನಮ್ಮ ಟಿವಿಯಂತೆ ಅಡ್ಡಕ್ಕಲ್ಲ, ಉದ್ದಕ್ಕೆ ನಿಂತಿದೆ. ಕಟ್ಟಡ ಹತ್ತುವ ಆಟಕ್ಕೆ ಪರದೆ ಇರಬೇಕಾದದ್ದೇ ಹಾಗೆ. ಹಾಸನದಲ್ಲಿ ನಾವು ಹತ್ತಿದ್ದು ಅದುಮಿ ಕುಳ್ಳಗೆ ಮಾಡಿದ ಕಟ್ಟಡ.

ಕಾಲು ಡಾಲರಿನ ನಾಣ್ಯ ಹಾಕಿದೆ. ಆಟ ಶುರುವಾಗಲಿಲ್ಲ. ಬದಲಿಗೆ, ನಾನೆಂದೂ ನೋಡದ ಒಂದು ದೃಶ್ಯ ಬಂತು. ತೊಲೆಗಳೆಲ್ಲ ನೇರವಾಗಿವೆ, ಸಪಾಟು, ರಸಮಟ್ಟ ಇಟ್ಟು ಕೂರಿಸಿದ ಹಾಗೆ. ಗೊರಿಲ್ಲಾ ಹೆಂಗಸನ್ನು ಹೊತ್ತು ಏಣಿ ಹತ್ತುತ್ತದೆ, ತುದಿಗೆ ಹೋಗಿ ಅವಳನ್ನು ಇಳಿಸುತ್ತದೆ, ಆಮೇಲೆ ಧಪ್ ಧಪ್ ಎಂದು ಕುಪ್ಪಳಿಸುತ್ತದೆ. ಒಂದೊಂದು ಕುಪ್ಪಳಿಕೆಗೂ ಒಂದೊಂದು ತೊಲೆ ಓರೆಯಾಗುತ್ತ ಹೋಗುತ್ತದೆ.

ಮೊದಲ ಪೀಪಾಯಿಗೇ ಔಟಾದೆ. ಕಣ್ಣು ಪರದೆ ಮೇಲೆ ಇರಲಿಲ್ಲ. ಇಪ್ಪತ್ತೊಂದು ವರ್ಷ ಬೈಸಿಕೊಂಡ ಆ ಮೇಸ್ತ್ರಿಯದು ಏನೂ ತಪ್ಪಿರಲಿಲ್ಲ.

ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ಈ ಆಟ ಹುಟ್ಟಿದ್ದೇ ಮಾರಾಟವಾಗದ ಸಾಮಾನಿನಿಂದ. 1889ರಲ್ಲಿ ಕ್ಯೋಟೊದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಶುರುವಾದ ಕಂಪನಿ ನಿಂಟೆಂಡೊ. 1980ರಲ್ಲಿ ಅದು ರೇಡಾರ್ ಸ್ಕೋಪ್ ಎಂಬ ಗುಂಡು ಹೊಡೆಯುವ ಆಟ ಮಾಡಿತು. ಅಮೆರಿಕದ ಶಾಖೆಯ ಮಿನೋರು ಅರಕಾವಾ ಧೈರ್ಯ ಮಾಡಿ 3,000 ಯಂತ್ರ ತರಿಸಿದರು. ಹಡಗಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಆಟದ ಮೇಲಿನ ಆಸೆ ಆರಿತ್ತು. ಸುಮಾರು 1,000 ಹೋದವು, 2,000 ಉಗ್ರಾಣದಲ್ಲಿ ಧೂಳು ತಿನ್ನುತ್ತ ಕೂತವು. ಅದೇ ಪೆಟ್ಟಿಗೆಗಳಿಗೆ ಹೊಸ ಆಟ ತುಂಬಿ ಎಂದು ಕ್ಯೋಟೊದ ಯಜಮಾನ ಹಿರೋಷಿ ಯಮಾಉಚಿ ಹೇಳಿದರು. ಕೆಲಸ ಬಿದ್ದದ್ದು ಅಲ್ಲಿಯವರೆಗೆ ಸ್ವಂತವಾಗಿ ಒಂದೂ ಆಟ ಮಾಡಿರದ ಕಲಾವಿದ, ಇಪ್ಪತ್ತೆಂಟರ ಶಿಗೆರು ಮಿಯಾಮೊಟೊ ತಲೆಗೆ. ಮೇಲ್ವಿಚಾರಣೆ ಗುನ್‌ಪೇ ಯೊಕೊಯಿ ಅವರದು. ಮೊದಲು ಯೋಚಿಸಿದ್ದು ಪಾಪಾಯ್ ಕಾರ್ಟೂನಿನವರನ್ನಿಟ್ಟು ಮಾಡೋಣ ಎಂದು. ಹಕ್ಕು ಸಿಗಲಿಲ್ಲ. ದಾಂಡಿಗನ ಜಾಗಕ್ಕೆ ಗೊರಿಲ್ಲಾ ಬಂತು, ಪಾಪಾಯ್ ಜಾಗಕ್ಕೆ ಒಬ್ಬ ಬಡಗಿ.

ಆ ಬಡಗಿಯ ಮುಖ ಕೂಡ ಹೊಂದಿಸಿಕೊಂಡದ್ದೇ. ಬೆರಳೆಣಿಕೆಯ ಚುಕ್ಕೆಗಳಲ್ಲಿ ಬಾಯಿ ಬಿಡಿಸಲಾಗದೆ ಮೀಸೆ ಇಟ್ಟರು, ಕೂದಲು ಬಿಡಿಸಲಾಗದೆ ಟೋಪಿ ಹಾಕಿದರು, ಕೈ ಬೀಸುವುದು ಕಾಣಲಿ ಎಂದು ಎರಡು ಬಣ್ಣದ ಉಡುಪು ತೊಡಿಸಿದರು. ಮೊದಲಿಗೆ ಅವನಿಗೆ ಹೆಸರೂ ಇರಲಿಲ್ಲ, ಬರೀ ಜಂಪ್‌ಮನ್. ಸಿಯಾಟಲಿನ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಹತ್ತಿರ ಟಕ್ವಿಲಾ ಎಂಬ ಊರಿದೆ. ನಿಂಟೆಂಡೊದವರು ಉಗ್ರಾಣ ಬಾಡಿಗೆಗೆ ಹಿಡಿದಿದ್ದು ಅಲ್ಲಿ. ಅದರ ಮಾಲೀಕ ಮಾರಿಯೋ ಸಿಗಾಲಿ ಬಾಡಿಗೆ ಬಾಕಿ ಕೇಳಲು ಬಂದು ಕೂಗಾಡಿದ, ಅವನು ಅತ್ತ ಹೋದ ಮೇಲೆ ಹುಡುಗರು ಬಡಗಿಗೆ ಅವನದೇ ಹೆಸರಿಟ್ಟರು ಎನ್ನುವುದು ಕತೆ. ಕೂಗಾಡಿದ್ದು ಎಷ್ಟು ನಿಜವೋ, ಹೆಸರು ಅವನದೇ. 1981ರಲ್ಲಿ ಹಳೇ ಪೆಟ್ಟಿಗೆಗಳ ಒಳಭಾಗ ಬಿಚ್ಚಿ ಹೊಸದು ಕೂರಿಸಿದ ಆ ಉಗ್ರಾಣದ ಕಡೆಯಿಂದ ಊರಿಗೆ ಹೋಗುವಾಗಲೂ ಬರುವಾಗಲೂ ನಾನು ಹಾದುಹೋಗಿದ್ದೇನೆ, ಗೊತ್ತಿಲ್ಲದೆ.

ಕೋರ್ಟಿನ ಕತೆಯೂ ಒಂದಿದೆ. ಕಿಂಗ್ ಕಾಂಗ್ ನಮ್ಮದು ಎಂದು ಯುನಿವರ್ಸಲ್ ಸ್ಟುಡಿಯೋ 1982ರಲ್ಲಿ ದಾವೆ ಹೂಡಿತು. ಕಿಂಗ್ ಕಾಂಗ್ ಕತೆ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಕೆಲವೇ ವರ್ಷದ ಹಿಂದೆ ಬೇರೊಂದು ಕೋರ್ಟಿನಲ್ಲಿ ವಾದಿಸಿ ಗೆದ್ದಿದ್ದದ್ದೂ ಅದೇ ಯುನಿವರ್ಸಲ್! ನಿಂಟೆಂಡೊ ಪರ ವಕೀಲ ಜಾನ್ ಕರ್ಬಿ ಅದನ್ನೇ ಎತ್ತಿ ಮುಂದಿಟ್ಟರು. ಗೆದ್ದ ಮೇಲೆ ಕಂಪನಿ ಅವರಿಗೆ ಹಾಯಿದೋಣಿಯೊಂದನ್ನು ಉಡುಗೊರೆ ಕೊಟ್ಟಿತು, ಹೆಸರು ಡಾಂಕಿ ಕಾಂಗ್.

ಈ ಓದಿನ ನಡುವೆಯೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆಟಕ್ಕೆ ಇರುವುದು ನಾಲ್ಕು ಸ್ಟೇಜು. ಮಿಯಾಮೊಟೊ ಮಾಡಿದ ಕ್ರಮದಲ್ಲಿ 25 ಮೀಟರ್, 50 ಮೀಟರ್, 75 ಮೀಟರ್, 100 ಮೀಟರ್. ಪೀಪಾಯಿಗಳದು 25, ಲಿಫ್ಟುಗಳದು 75, ರಿವೆಟ್ಟುಗಳದು 100. ನಮ್ಮ ಕ್ಯಾಸೆಟ್ಟಿನಲ್ಲಿ 50 ಇರಲೇ ಇಲ್ಲ. ನಮ್ಮದು ಮಾತ್ರವಲ್ಲ, ನಿಂಟೆಂಡೊ ತಾನೇ ಫ್ಯಾಮಿಕಾಮಿಗೆ ಮಾಡಿದ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಜಾಗ ಒಟ್ಟು 24 ಕಿಲೋಬೈಟ್; ಈಗ ನಾವು ಬೆಳಿಗ್ಗೆ ಕಳಿಸುವ ಶುಭೋದಯದ ಚಿತ್ರ ಅದರ ಎಷ್ಟೋ ಪಟ್ಟು. ಆ ಜಾಗದಲ್ಲಿ ಹಿಡಿಸಲು ಒಂದು ಮಹಡಿ ಬಿಟ್ಟರು, ತೊಲೆ ಬಗ್ಗುವ ಮೊದಲ ದೃಶ್ಯ ಬಿಟ್ಟರು. ಎರಡು ವರ್ಷ, ದಿನಕ್ಕೆ ನಾಲ್ಕಾರು ಸಲ ಆ ಕಟ್ಟಡ ಹತ್ತಿದ್ದ ಅಕ್ಕನಿಗೆ ನಡುವೆ ಒಂದು ಮಹಡಿ ಇಲ್ಲ ಎಂಬ ಸುಳಿವೂ ಸಿಕ್ಕಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ನೋಡಿಬಿಡಬಹುದಿತ್ತು. ನೋಡಲಿಲ್ಲ. ಹತ್ತಿಯೇ ನೋಡಬೇಕು ಎಂಬ ಹಟ. ಅದಕ್ಕೂ ಒಂದು ತೊಡಕು: ಅಮೆರಿಕದ ಯಂತ್ರದಲ್ಲಿ ಸ್ಟೇಜುಗಳ ಕ್ರಮ ಬೇರೆ. ಮೊದಲ ಸುತ್ತಿನಲ್ಲಿ ಪೀಪಾಯಿ, ರಿವೆಟ್ಟು. ಎರಡನೆಯದರಲ್ಲಿ ಪೀಪಾಯಿ, ಲಿಫ್ಟು, ರಿವೆಟ್ಟು. ಮೂರನೇ ಸುತ್ತಿನಲ್ಲಿ ಇನ್ನೊಮ್ಮೆ ಪೀಪಾಯಿ ದಾಟಿದರಷ್ಟೇ ಆ 50 ಮೀಟರಿನದು. ಆರು ಗೆದ್ದರೆ ಏಳನೆಯದರಲ್ಲಿ ದರ್ಶನ.

ಎರಡು ತಿಂಗಳ ಶನಿವಾರಗಳು ಇದಕ್ಕೇ ಹೋದವು. ಲಾಂಡ್ರಿಗೆ ಎತ್ತಿಟ್ಟಿದ್ದ ಚಿಲ್ಲರೆಯೆಲ್ಲ ಖಾಲಿ. ಅಕ್ಕನ ಪಾಠಗಳು ಒಂದೊಂದಾಗಿ ಕೈಗೆ ಬಂದವು. ಜೊತೆಗೆ ಅವಳಿಗೂ ಗೊತ್ತಿರದ ಒಂದೆರಡು. ಪೀಪಾಯಿ ಏಣಿ ಇಳಿಯಬೇಕೋ ನೆಟ್ಟಗೆ ಉರುಳಬೇಕೋ ಎನ್ನುವುದು ಪೂರಾ ಅದೃಷ್ಟವಲ್ಲ, ನಾವು ಕಡ್ಡಿಯನ್ನು ಯಾವ ಕಡೆ ಒತ್ತಿದ್ದೇವೆ ಎನ್ನುವುದೂ ಅದರಲ್ಲಿ ಸೇರಿದೆಯಂತೆ. ಬಲ್ಲವರು ಪೀಪಾಯಿಗಳನ್ನು ದನ ಅಟ್ಟಿದ ಹಾಗೆ ಬೇಕಾದ ಕಡೆ ಅಟ್ಟುತ್ತಾರೆ. ಅಂಥವರಿಗೂ ಕೊನೆಯೊಂದಿದೆ. ಸುತ್ತಿನ ಸಂಖ್ಯೆಗೆ 4 ಕೂಡಿಸಿ 10ರಿಂದ ಗುಣಿಸಿ, ಅಷ್ಟು ನೂರು ಬೋನಸ್ಸು ಕೊಡುವುದು ಯಂತ್ರದ ಲೆಕ್ಕ. 8000 ದಾಟದ ಹಾಗೆ ಒಂದು ಕಟ್ಟು. ಆದರೆ ಅದರ ಒಂದು ಖಾನೆಯಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಕೂರುವುದಿಲ್ಲ. 22ನೇ ಸುತ್ತಿಗೆ 260 ಬರಬೇಕು. ಸೇರು ತುಂಬಿ 256 ಚೆಲ್ಲಿಹೋಗಿ ಉಳಿಯುವುದು 4. ಕೈಗೆ ಸಿಗುವುದು ಬರೀ 400. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, ಯಾವ ಪೀಪಾಯಿಯೂ ತಾಗದೆ, ಮಾರಿಯೋ ಬಿದ್ದು ಸಾಯುತ್ತಾನೆ. ಇದನ್ನು ಫೋನಿನಲ್ಲಿ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳೀಗ ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಮರುದಿನವೇ ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಈ ಲೆಕ್ಕ ಹಾಕಿದಳಂತೆ.

ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಕೈ ಕೂಡಿಬಂತು. ಎರಡನೇ ಸುತ್ತಿನ ರಿವೆಟ್ಟುಗಳು ಮುಗಿಯುವಾಗ ಇನ್ನೂ ಎರಡು ಲೈಫ್ ಉಳಿದಿದ್ದವು. ಹೆಂಡತಿಗೆ "ಅಕ್ಕನಿಗೆ ವಿಡಿಯೋ ಕಾಲ್ ಹಾಕು, ಬೇಗ" ಎಂದೆ. ಇಲ್ಲಿ ಎಂಟೂವರೆ ಎಂದರೆ ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು. ಅಲ್ಲಿ ದೋಸೆಯ ಹೊತ್ತು. ಕುಕ್ಕರಿನ ಸೀಟಿ, ಮಕ್ಕಳ ಗಲಾಟೆ, ನಡುವೆ ಅಕ್ಕನ ದನಿ: "ಏನೋ ಇದು, ಎಲ್ಲಿದೀಯಾ?"

"ನೋಡ್ತಿರು" ಎಂದೆ. ಪೀಪಾಯಿಗಳ ಪರದೆ ದಾಟಿದೆ. ಕೆಂಪು ಹೃದಯ ಮೂಡಿತು, ಗೊರಿಲ್ಲಾ ಅವಳನ್ನು ಎತ್ತಿಕೊಂಡು ಮೇಲಕ್ಕೆ ಹೋಯಿತು, ಹೃದಯ ಎರಡು ಹೋಳಾಯಿತು. ಆಮೇಲೆ ಅದು ಬಂತು.

ಕನ್ವೇಯರ್ ಬೆಲ್ಟುಗಳು. ಕಾಲಿಟ್ಟರೆ ಅದೇ ಎಳೆದೊಯ್ಯುತ್ತದೆ, ಈಗ ಎಡಕ್ಕೆ, ಇನ್ನೊಂದು ಗಳಿಗೆಗೆ ಬಲಕ್ಕೆ. ನಡುವೆ ಉರಿಯುವ ಎಣ್ಣೆ ಡ್ರಮ್ಮು. ಮೇಲೆ ಉದ್ದವಾಗಿ ಇಳಿದು ಮತ್ತೆ ಮೋಟಾಗುವ ಏಣಿಗಳು. ತುದಿಯ ಬೆಲ್ಟಿನ ಮೇಲೆ ಗೊರಿಲ್ಲಾವೂ ಅತ್ತಿತ್ತ ಸಾಗುತ್ತಿದೆ. ಬೆಲ್ಟಿನ ಮೇಲೆ ಸಾಲಾಗಿ ಬರುತ್ತಿವೆ ಅಗಲ ಬಾಯಿಯ, ದಿಬ್ಬದಂತೆ ಏನನ್ನೋ ತುಂಬಿದ ತಟ್ಟೆಯಂಥವು. ತಾಗಿದರೆ ಔಟ್. ನನ್ನ ಹಿಂದೆ ನಿಂತು ನೋಡುತ್ತಿದ್ದ ನಡುವಯಸ್ಸಿನವನೊಬ್ಬ ಗುರುತು ಹಿಡಿದವನಂತೆ "ಪೈ ಫ್ಯಾಕ್ಟರಿ" ಎಂದ. ಪೈ ಎಂದರೆ ಇಲ್ಲಿಯವರು ಹಣ್ಣು ತುಂಬಿ ಬೇಯಿಸುವ ತಿಂಡಿ. ಅಮೆರಿಕದ ಆಟಗಾರರು ಈ ಸ್ಟೇಜನ್ನು ಕರೆಯುವುದೇ ಹಾಗೆ.

"ಪೈಯಂತೆ ಅಕ್ಕ ಅದು."

"ಪೈ ಯಾಕಾಗುತ್ತೆ, ಬಾಂಡ್ಲಿ ಕಣೋ" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. "ಸಿಮೆಂಟ್ ಬಾಂಡ್ಲಿ. ಕಟ್ತಾ ಇರೋ ಬಿಲ್ಡಿಂಗಲ್ಲಿ ತಿಂಡಿ ಯಾರು ಮಾಡ್ತಾರೆ? ಅಪ್ಪಾ, ಬನ್ನಿ ಇಲ್ಲಿ ಸ್ವಲ್ಪ."

ಅವಳು ಹೇಳಿದ್ದೇ ಸರಿ. ಮಾಡಿದವರ ಮನಸ್ಸಿನಲ್ಲಿದ್ದದ್ದು ಸಿಮೆಂಟೇ.

ನಾನಷ್ಟರಲ್ಲಿ ಸುತ್ತಿಗೆ ಹಿಡಿದುಬಿಟ್ಟಿದ್ದೆ. ಎರಡು ಬಾಂಡ್ಲಿ ಚಚ್ಚಿದೆ, ಮೂರನೆಯದಕ್ಕೆ ತಿರುಗಿದೆ, ಬೆಲ್ಟು ದಿಕ್ಕು ಬದಲಿಸಿತು. ಹಾರುವಂತಿಲ್ಲ, ಪಕ್ಕದಲ್ಲೇ ಏಣಿ ಇದ್ದರೂ ಹತ್ತುವಂತಿಲ್ಲ. ಹಿಂದಿನಿಂದ ಬೆಂಕಿಯುಂಡೆ ನಿಧಾನಕ್ಕೆ ಬಂತು. ಫೋನಿನಿಂದ "ಸುತ್ತಿಗೆ ಯಾಕೋ ಮುಟ್ಟಿದೆ" ಎಂದು ಅಕ್ಕ ಕೂಗುತ್ತಿದ್ದಳು, 1995ರಲ್ಲಿ ಕೂಗಿದ ಹಾಗೇ.

ಅಪ್ಪ ಬಂದು ಕೂತ ಸದ್ದು ಕೇಳಿಸಿತು. ಮಂಡಿ ನೋವು, ಏಣಿ ಹತ್ತುವುದು ಬಿಟ್ಟು ಆರು ವರ್ಷವಾಗಿತ್ತು. ಅಕ್ಕ ಅವರಿಗೆ ಓರೆ ತೊಲೆಯ ಕತೆಯನ್ನೂ ಹೇಳಿದಳು: ಮೊದಲು ನೇರವೇ ಇತ್ತಂತೆ ಅಪ್ಪ, ಅದು ಕುಪ್ಪಳಿಸಿದ್ದಕ್ಕೆ ಬಗ್ಗಿದ್ದಂತೆ. ಅವರು "ಹೂಂ" ಎಂದರು, ಕನ್ನಡಕ ತರಿಸಿದರು, ಫೋನನ್ನು ಹತ್ತಿರ ಹಿಡಿದರು. ಉಳಿದಿದ್ದ ಇನ್ನೊಂದು ಲೈಫಿನಲ್ಲಿ ನಾನು ಮತ್ತೆ ಕೆಳಗಿನಿಂದ ಹೊರಟಿದ್ದೆ, ಬೆಲ್ಟಿನ ಮೇಲೆ ಬಾಂಡ್ಲಿಗಳು ಒಂದರ ಹಿಂದೊಂದು ಬರುತ್ತಿದ್ದವು.

"ಗೋಪುರ ಮಾಡಿ ತುಂಬಿದಾರಲ್ಲೋ" ಎಂದರು. "ಅಷ್ಟು ತುಂಬಿದ್ರೆ ಹೊರೋಳು ಹೆಂಗೆ ಹೊರ್ತಾಳೆ?"